ಸಿನಾಯ್ ಬೈಬಲಿನ ಡಿಜಿಟಲ್ ಪ್ರತಿ: ತಿದ್ದುಪಡಿಗಳನ್ನು ಮುಚ್ಚಿಡದ ಪುಟಗಳು

ಕುಂಬಳೆಯ ನಮ್ಮ ಮನೆಯ ಅಟ್ಟದಲ್ಲಿರುವ ತಾಳೆಗರಿ ಕಟ್ಟುಗಳನ್ನು ಒರೆಸುವಾಗಲೆಲ್ಲ, ಬರೆದವರು ಬಿಟ್ಟುಹೋದ ಅಕ್ಷರವನ್ನು ಹಂಸಪಾದ ಹಾಕಿ ಸೇರಿಸಿದ ಜಾಗಗಳಲ್ಲಿ ನನ್ನ ಕಣ್ಣು ನಿಲ್ಲುತ್ತದೆ. ಅದೇ ಸಂತೋಷವನ್ನು ಈಚೆಗೆ ಕೊಟ್ಟದ್ದು ನಾಲ್ಕನೆಯ ಶತಮಾನದ ಗ್ರೀಕ್ ಬೈಬಲ್ 'ಕೋಡೆಕ್ಸ್ ಸಿನಾಯ್ಟಿಕಸ್'ನ ಡಿಜಿಟಲ್ ಪ್ರತಿ.

ಮೂಲ ಗ್ರಂಥ ನಾಲ್ಕು ಕಡೆ ಹಂಚಿಹೋಗಿದೆ. ಈಜಿಪ್ಟಿನ ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಿಂದ 1844ರಲ್ಲಿ ಜರ್ಮನ್ ವಿದ್ವಾಂಸ ಟಿಶೆನ್‌ಡಾರ್ಫ್ ಒಯ್ದ 43 ಹಾಳೆಗಳು ಲೈಪ್ಜಿಗ್‌ನಲ್ಲಿವೆ. ಸೋವಿಯತ್ ಸರಕಾರದಿಂದ 1933ರಲ್ಲಿ ಒಂದು ಲಕ್ಷ ಪೌಂಡಿಗೆ ಕೊಂಡ 347 ಹಾಳೆಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲವು ತುಣುಕುಗಳಿದ್ದು, 1975ರಲ್ಲಿ ದೊರೆತವು ಮಠದಲ್ಲೇ ಉಳಿದಿವೆ. ಈ ನಾಲ್ಕು ಸಂಸ್ಥೆಗಳು ಕೂಡಿ 2009ರಲ್ಲಿ ಎಲ್ಲವನ್ನೂ ಅಂತರ್ಜಾಲದಲ್ಲಿ ಒಂದೆಡೆ ಉಚಿತವಾಗಿ ತೆರೆದಿಟ್ಟವು.

ಚರ್ಮದ ಹಾಳೆಯ ಮೇಲೆ ನಾಲ್ಕು ಅಂಕಣಗಳಲ್ಲಿ, ಪದಗಳ ನಡುವೆ ಎಡೆಯೇ ಇಲ್ಲದೆ ಬರೆದ ಗ್ರೀಕನ್ನು ನನ್ನಂಥವರು ಬಿಡಿಸಿ ಓದುವುದು ಸುಲಭವಲ್ಲ. ಆದರೆ ಪಕ್ಕದಲ್ಲಿರುವ ಅಚ್ಚಿನ ಪಾಠದ ಪದವೊಂದನ್ನು ಒತ್ತಿದರೆ ಅದೇ ಪದ ಚಿತ್ರದಲ್ಲಿ ಗುರುತಾಗುತ್ತದೆ. ಓರೆ ಬೆಳಕಿನಲ್ಲಿ ತೆಗೆದ ಚಿತ್ರವನ್ನು ಆರಿಸಿಕೊಂಡರೆ ಚರ್ಮದ ಸುಕ್ಕುಗಳೂ ಬರೆಯುವ ಮೊದಲು ಎಳೆದ ಗೆರೆಗಳೂ ಎದ್ದು ಕಾಣುತ್ತವೆ. ಈ ಸೌಲಭ್ಯಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಮಾರ್ಕನ ಸುವಾರ್ತೆ ಇಲ್ಲಿ 16ನೆಯ ಅಧ್ಯಾಯದ 8ನೆಯ ವಚನಕ್ಕೇ ಮುಗಿಯುತ್ತದೆ. ಅದರ ಕೆಳಗೆ ಅಂಕಣ ಖಾಲಿ. ಮುಂದಿನ ಅಂಕಣದ ತಲೆಯಿಂದ ಲೂಕನ ಸುವಾರ್ತೆ. ನೆರೆಮನೆಯ ಬಾಯಮ್ಮನವರಿಂದ ಕನ್ನಡ ಬೈಬಲ್ ತಂದು ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲಿ ಮುಂದೆ ಇನ್ನೂ 12 ವಚನಗಳಿವೆ. ಬರೆದ ಕಾಲದಿಂದ ಶತಮಾನಗಳವರೆಗೆ ಹಲವು ಕೈಗಳು ಮಾಡಿದ 20,000ಕ್ಕೂ ಮಿಕ್ಕಿದ ತಿದ್ದುಪಡಿಗಳು ಈ ಗ್ರಂಥದಲ್ಲಿವೆ, ಮತ್ತು ಯಾವುದು ಯಾವ ಕೈಯದೆಂದು ಪಾಠದಲ್ಲಿ ಬೇರೆಬೇರೆಯಾಗಿ ತೋರಿಸಿರುವುದೇ ಈ ಪ್ರತಿಯ ದೊಡ್ಡ ಗುಣ. ಬಿಟ್ಟುಹೋದ ಸಾಲನ್ನು ಪುಟದ ಅಂಚಿನಲ್ಲಿ ಬರೆದು, ಬಾಣದ ಗುರುತಿನಿಂದ ಜಾಗ ತೋರಿಸಿದ್ದನ್ನು ಕಂಡಾಗ ನಮ್ಮ ಹಂಸಪಾದವೇ ನೆನಪಾಯಿತು.

ಇಂಗ್ಲಿಷ್ ಅನುವಾದ ಕೆಲವು ಭಾಗಗಳಿಗೆ ಮಾತ್ರ ಇದೆ, ಕನ್ನಡವಂತೂ ಇಲ್ಲ. ಮೊಬೈಲಿನ ಪರದೆ ಈ ಪುಟಗಳಿಗೆ ಸಾಲದು, ಕಂಪ್ಯೂಟರಿನಲ್ಲೇ ನೋಡಬೇಕು. ಗ್ರೀಕ್ ಬಾರದವರು ಥೀಟಾ ಮತ್ತು ಸಿಗ್ಮಾ ಎಂಬ ಎರಡು ಅಕ್ಷರಗಳನ್ನು ಮೊದಲು ಕಲಿತುಕೊಳ್ಳಲಿ. 'ದೇವರು' ಎಂಬ ಪದವನ್ನು ಲಿಪಿಕಾರರು ಆ ಎರಡಕ್ಕೇ ಇಳಿಸಿ ಮೇಲೊಂದು ಗೆರೆ ಎಳೆಯುತ್ತಿದ್ದರು, ಅಂಥದ್ದೊಂದನ್ನು ಮೊದಲ ದಿನವೇ ಕಣ್ಣಾರೆ ಹುಡುಕಿಕೊಳ್ಳಬಹುದು.