ಫೆಂಡರ್ ರಂಬಲ್ 500: ಜೊತೆಗೆ 8 ಓಮ್‌ನ ಒಂದೇ ಪೆಟ್ಟಿಗೆ

ಬೇಸ್ ಗಿಟಾರ್ ನುಡಿಸುವವರು ಹಾಕಿದ ಹಣಕ್ಕೆ ಮೋಸವಿಲ್ಲ ಎಂದು ನಂಬಿ ಕೊಳ್ಳಬಹುದಾದ ಆಂಪ್ಲಿಫೈಯರ್‌ಗಳಲ್ಲಿ ಫೆಂಡರ್ ರಂಬಲ್ 500 ಕಾಂಬೊ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು) ಒಂದು. ಹತ್ತು ಇಂಚಿನ ಎರಡು ಸ್ಪೀಕರ್‌ಗಳೂ ಮೇಲ್ಸ್ವರಗಳಿಗೆಂದೇ ಇರುವ ಒಂದು ಹಾರ್ನೂ ಒಳಗಿದ್ದರೂ ಅದರ ತೂಕ ಹದಿನೇಳು ಕಿಲೋ ದಾಟುವುದಿಲ್ಲವಾದ್ದರಿಂದ ರಸಮಂಜರಿ ತಂಡದ ವ್ಯಾನಿನಿಂದ ವೇದಿಕೆಯ ಮೇಲಕ್ಕೆ ಅದನ್ನು ಒಬ್ಬರೇ ಹೊತ್ತೊಯ್ಯಬಹುದು. ನಾದ ತುಂಬಿಕೊಂಡು ಬರುತ್ತದೆ. ಕೆಳ-ಮಧ್ಯ ಮತ್ತು ಮೇಲ್-ಮಧ್ಯ ಸ್ವರಗಳಿಗೆ ಬೇರೆ ಬೇರೆ ನಾಬ್ ಇರುವುದರಿಂದ ತಬಲಾ, ಡೋಲಕ್‌ಗಳ ನಡುವೆಯೂ ಬೇಸ್ ಗಿಟಾರಿಗೆ ಜಾಗ ಮಾಡಿಕೊಡಲು ಸಾಧ್ಯ. ಆದರೆ ಈ ಪೆಟ್ಟಿಗೆಗೆ ಹೊರಗಿನಿಂದ ಇನ್ನೊಂದು ಸ್ಪೀಕರ್ ಕ್ಯಾಬಿನೆಟ್ ಸೇರಿಸುವ ವಿಷಯದಲ್ಲಿ ಅನೇಕರಿಗೆ ತಪ್ಪು ಕಲ್ಪನೆಗಳಿವೆ. ಅದಕ್ಕೇ ಈ ವಿಮರ್ಶೆಯ ಬಹುಭಾಗವನ್ನು ಅದಕ್ಕಾಗಿ ಮೀಸಲಿಟ್ಟಿದ್ದೇನೆ.

ಹೆಸರಿನಲ್ಲಿರುವ 500 ವ್ಯಾಟ್ ಶಕ್ತಿ ಕಾಂಬೊ ಒಂಟಿಯಾಗಿರುವಾಗ ಸಿಗುವುದಿಲ್ಲ. ಒಳಗಿನ ಎರಡು ಸ್ಪೀಕರ್‌ಗಳ ಒಟ್ಟು ಇಂಪೀಡೆನ್ಸ್ (ಆಂಪ್ ಕಳಿಸುವ ಎಸಿ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) 8 ಓಮ್ ಇದ್ದು, ಆ ಹೊರೆಗೆ ಆಂಪ್ 350 ವ್ಯಾಟ್ ಮಾತ್ರ ಕೊಡುತ್ತದೆ. ಹೊರಗೆ 8 ಓಮ್‌ನ ಇನ್ನೊಂದು ಕ್ಯಾಬಿನೆಟ್ ಜೋಡಿಸಿದಾಗ ಒಟ್ಟು ಇಂಪೀಡೆನ್ಸ್ 4 ಓಮ್‌ಗೆ ಇಳಿದು 500 ವ್ಯಾಟ್ ಹೊರಬರುತ್ತದೆ. ಈ ಸಂಗತಿಯನ್ನು ಕಂಪನಿ ಮುಚ್ಚಿಟ್ಟಿಲ್ಲ. ಆದರೂ ಅಂಗಡಿಯಲ್ಲಿ ಹೆಸರನ್ನಷ್ಟೇ ನೋಡಿ ಕೊಳ್ಳುವವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಒಟ್ಟು 4 ಓಮ್ ಎಂಬುದೇ ಇದರ ಕೆಳಮಿತಿ. ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸುತ್ತ ಹೋದಂತೆ ಒಟ್ಟು ಇಂಪೀಡೆನ್ಸ್ ಕುಗ್ಗುತ್ತದೆ: 8 ಓಮ್‌ನ ಎರಡು ಸೇರಿದರೆ 4, ಮೂರು ಸೇರಿದರೆ ಸುಮಾರು 2.67. ಒಳಗಿನ 8 ಓಮ್‌ನೊಂದಿಗೆ ಹೊರಗೆ 4 ಓಮ್‌ನ ಒಂದೇ ಕ್ಯಾಬಿನೆಟ್ ಸೇರಿಸಿದರೂ ಅದೇ 2.67 ಬರುತ್ತದೆ. ಇಂಪೀಡೆನ್ಸ್ ಇಳಿದಷ್ಟೂ ಅದೇ ವೋಲ್ಟೇಜಿಗೆ ಹೆಚ್ಚು ಕರೆಂಟ್ ಹರಿಯುತ್ತದೆ. 4 ಓಮ್‌ಗೆ 500 ವ್ಯಾಟ್ ಕೊಡುವಾಗ ಸುಮಾರು 45 ವೋಲ್ಟ್ ಒತ್ತಡದಲ್ಲಿ 11 ಆಂಪಿಯರ್ ಹರಿಯುತ್ತಿದ್ದರೆ, 2.67 ಓಮ್‌ನಲ್ಲಿ ಅದೇ 45 ವೋಲ್ಟ್ ಸುಮಾರು 17 ಆಂಪಿಯರ್ ಎಳೆಯಲು ನೋಡುತ್ತದೆ. ಅಷ್ಟು ಕರೆಂಟಿಗೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಬಿಸಿಯೇರುತ್ತವೆ, ಆಂಪ್ ಹಾಡಿನ ಮಧ್ಯದಲ್ಲೇ ನಿಲ್ಲಬಹುದು, ಸುಟ್ಟೂ ಹೋಗಬಹುದು. ಕಡಿಮೆ ಸದ್ದಿನಲ್ಲಿ ನುಡಿಸಿದಾಗ ಏನೂ ಆಗಲಿಲ್ಲ ಎಂಬುದು ಜೋಡಣೆ ಸರಿಯಿದೆ ಎನ್ನುವುದಕ್ಕೆ ಪುರಾವೆಯಲ್ಲ, ಏಕೆಂದರೆ ತೊಂದರೆ ತಲೆದೋರುವುದು ವಾಲ್ಯೂಮ್ ಏರಿಸಿದಾಗ.

ಜನ ಎಡವುವುದು ಹೆಚ್ಚಾಗಿ ಈ ಲೆಕ್ಕದಲ್ಲಲ್ಲ, ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ. ಅಲ್ಲಿ ಸಾಮಾನ್ಯವಾಗಿ ಎರಡು ಜ್ಯಾಕ್‌ಗಳಿರುತ್ತವೆ. ಆಂಪ್‌ನಿಂದ ಮೊದಲ ಕ್ಯಾಬಿನೆಟ್ಟಿಗೆ, ಅದರಿಂದ ಎರಡನೆಯದಕ್ಕೆ ತಂತಿ ಎಳೆದಾಗ ಕಣ್ಣಿಗೆ ಅದು ಓಮ್‌ಗಳು ಕೂಡುತ್ತ ಹೋಗುವ ಸರಣಿ (ಸೀರೀಸ್) ಜೋಡಣೆಯಂತೆ ಕಾಣುತ್ತದೆ, ಆದರೆ ಆ ಎರಡು ಜ್ಯಾಕ್‌ಗಳು ಒಳಗೆ ಒಂದಕ್ಕೊಂದು ಸಮಾಂತರವಾಗಿಯೇ ಸೇರಿರುತ್ತವೆ. ಗಣೇಶೋತ್ಸವದ ವೇದಿಕೆಯೊಂದರಲ್ಲಿ ಬಾಡಿಗೆ ಸೌಂಡ್‌ನವರು ರಂಬಲ್ ಕಾಂಬೊ ಒಂದಕ್ಕೆ ಹೀಗೆ 8 ಓಮ್‌ನ ಎರಡು ಕ್ಯಾಬಿನೆಟ್‌ಗಳನ್ನು ಒಂದರ ಬೆನ್ನಿಗೆ ಒಂದು ಹಾಕಿ, "ಸೀರೀಸಲ್ಲಿದೆ ಸರ್, ಲೋಡ್ ಬೀಳಲ್ಲ" ಎಂದು ವಾದಿಸಿದ್ದನ್ನು ಕೇಳಿದ್ದೇನೆ. ಆಗ ಆಂಪ್ ಮೇಲೆ ಬೀಳುತ್ತಿದ್ದ ಹೊರೆ 2.67 ಓಮ್. ಕೊನೆಯ ಕ್ಯಾಬಿನೆಟ್ ಕಳಚಿಸಿದ ಮೇಲೆಯೇ ಕಾರ್ಯಕ್ರಮ ಶುರುವಾಯಿತು.

ಸರಿಯಾದ ಒಂದು ಕ್ಯಾಬಿನೆಟ್ ಸೇರಿಸುವುದರಿಂದ ಸಿಗುವ ಲಾಭವೇನು? 350ರಿಂದ 500ಕ್ಕೆ ಏರುವ ವ್ಯಾಟ್ ತಂದುಕೊಡುವುದು ಒಂದೂವರೆ ಡೆಸಿಬೆಲ್ ಮಾತ್ರ, ಕಿವಿಗೆ ಅದು ಅಷ್ಟೇನೂ ದೊಡ್ಡ ವ್ಯತ್ಯಾಸವಲ್ಲ. ನಿಜವಾದ ಲಾಭ ಗಾಳಿಯನ್ನು ತಳ್ಳುವ ಕೋನ್‌ಗಳ ಒಟ್ಟು ವಿಸ್ತೀರ್ಣ ಹೆಚ್ಚುವುದರಲ್ಲಿದೆ. ಅಂಥದ್ದೇ ಇನ್ನೊಂದು ಕ್ಯಾಬಿನೆಟ್ಟನ್ನು ಪಕ್ಕದಲ್ಲೇ ಅಂಟಿಕೊಂಡಂತೆ ಇಟ್ಟರೆ ಕೆಳಸ್ವರಗಳಲ್ಲಿ ಇನ್ನೂ ಸುಮಾರು 3 ಡೆಸಿಬೆಲ್ ಸೇರುತ್ತದೆ. ಆಗ ಮಂದ್ರದ ಇ ತಂತಿ ಮೀಟಿದರೆ ವೇದಿಕೆಯ ಹಲಗೆಯ ಮೂಲಕ ಕಾಲಿಗೆ ತಟ್ಟುತ್ತದೆ. ಫೆಂಡರ್‌ನದೇ ರಂಬಲ್ 115 ಇದಕ್ಕೆ ಹೊಂದುವ ಕ್ಯಾಬಿನೆಟ್: ಹದಿನೈದು ಇಂಚು, 8 ಓಮ್, ನಿರಂತರವಾಗಿ 300 ವ್ಯಾಟ್ ತಡೆಯಬಲ್ಲದು. ಎರಡೂ ಕಡೆ 8 ಓಮ್ ಇರುವುದರಿಂದ 500 ವ್ಯಾಟ್ ಸಮನಾಗಿ ಹಂಚಿಹೋಗಿ ಅದರ ಪಾಲಿಗೆ 250 ಬರುತ್ತದೆ, ಅಲ್ಲಿಯೂ ಅಪಾಯವಿಲ್ಲ.

ಕೇಬಲ್ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಲು ಹೋಗಬಾರದು. ಗಿಟಾರ್ ಕೇಬಲ್ಲಿನ ನಡುವಿನ ತಂತಿ ತೀರ ತೆಳು, ಹನ್ನೊಂದು ಆಂಪಿಯರ್ ಹೊರುವ ಶಕ್ತಿ ಅದಕ್ಕಿಲ್ಲ. ಎರಡು ದಪ್ಪ ತಂತಿಗಳಿರುವ ಸ್ಪೀಕರ್ ಕೇಬಲ್ಲೇ ಬೇಕು. ಸ್ಪೀಕಾನ್ ಕನೆಕ್ಟರ್ ಇದ್ದರೆ ಅದನ್ನೇ ಬಳಸಿ, ಏಕೆಂದರೆ ತಿರುಗಿಸಿದ ಮೇಲೆ ಅದು ಕಚ್ಚಿ ಕೂರುತ್ತದೆ ಮತ್ತು ಎಳೆಯುವಾಗ, ಹಾಕುವಾಗ ತುದಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುವ ಭಯವಿರುವುದಿಲ್ಲ. ಯಾವ ಪಿನ್ ಆದರೂ ಆಂಪ್ ಆಫ್ ಮಾಡಿದ ಮೇಲೆಯೇ ಜೋಡಿಸಬೇಕು.

ಹಳೆಯ ಕ್ಯಾಬಿನೆಟ್ ಕೊಳ್ಳುವವರು ಹಿಂದಿನ ಚೀಟಿಯನ್ನು ಪೂರ್ತಿ ನಂಬದೆ ಮಲ್ಟಿಮೀಟರ್ ಒಯ್ಯುವುದು ಒಳ್ಳೆಯದು. ಸ್ಪೀಕರ್ ಬದಲಾಯಿಸಿದ್ದು ಚೀಟಿಯಲ್ಲಿ ಕಾಣುವುದಿಲ್ಲ. ಮೀಟರ್ ತೋರಿಸುವುದು ಇಂಪೀಡೆನ್ಸಿಗಿಂತ ಕಡಿಮೆ ಇರುವ ಡಿಸಿ ರೋಧವನ್ನಾದ್ದರಿಂದ 8 ಓಮ್ ಕ್ಯಾಬಿನೆಟ್ ಸಾಮಾನ್ಯವಾಗಿ ಐದೂವರೆಯಿಂದ ಏಳರ ನಡುವೆ ಓದುತ್ತದೆ. ಮೂರು ಚಿಲ್ಲರೆ ಬಂದರೆ ಅದು 4 ಓಮ್‌ನದು, ಈ ಕಾಂಬೊಗೆ ಬೇಡ. ವಾಲ್ವ್ (ನಿರ್ವಾತ ಕೊಳವೆಯ) ಆಂಪ್ ಇಟ್ಟುಕೊಂಡವರಿಗೆ ನಿಯಮ ಇನ್ನೂ ಬಿಗಿ: ಅಲ್ಲಿ ಸ್ಪೀಕರ್ ಇಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು, ಮತ್ತು ಇಂಪೀಡೆನ್ಸ್ ಸ್ವಿಚ್ಚನ್ನು ಕ್ಯಾಬಿನೆಟ್ಟಿಗೆ ಹೊಂದಿಸಿಯೇ ಇಡಬೇಕು.

ಸಭಾಂಗಣದ ಮಿಕ್ಸರ್‌ಗೆ ಎಕ್ಸ್‌ಎಲ್‌ಆರ್ (ಮೈಕಿಗೆ ಬಳಸುವಂಥ ಮೂರು ಪಿನ್ನಿನ) ಲೈನ್ ಕೊಡುವ ಸೌಕರ್ಯ ಇದರಲ್ಲೇ ಇರುವುದರಿಂದ, ದೊಡ್ಡ ಸೌಂಡ್ ಸಿಸ್ಟಮ್ ಇರುವೆಡೆ ಕಾಂಬೊ ಒಂದೇ ಸಾಕು, ಎರಡನೆಯ ಪೆಟ್ಟಿಗೆಗೆ ಖರ್ಚು ಮಾಡಬೇಕಿಲ್ಲ. ಮಿಕ್ಸರ್ ಇಲ್ಲದ ಮಧ್ಯಮ ಗಾತ್ರದ ಸಭಾಂಗಣಗಳಲ್ಲಿ ಹೆಚ್ಚಾಗಿ ನುಡಿಸುವವರು 115 ಸೇರಿಸಿಕೊಳ್ಳಲಿ. ಕೈಯಲ್ಲಿ ಈಗಾಗಲೇ 4 ಓಮ್‌ನ ಕ್ಯಾಬಿನೆಟ್ ಇದ್ದವರಿಗೆ ಈ ಕಾಂಬೊ ಅಲ್ಲ, ಇದೇ ಸರಣಿಯ ರಂಬಲ್ 500 ಹೆಡ್ ಸರಿಯಾದ ಆಯ್ಕೆ. ಒಳಗೆ ಸ್ಪೀಕರ್ ಇಲ್ಲದ ಆ ಹೆಡ್ಡಿಗೆ ಆ ಒಂದು ಕ್ಯಾಬಿನೆಟ್ ಜೋಡಿಸಿದರೆ ಪೂರ್ತಿ 500 ವ್ಯಾಟ್ ಸಿಗುತ್ತದೆ.