ಖಡಕ್ ರೊಟ್ಟಿಯೋ, ಕಸೂತಿಯೋ?

ಧಾರವಾಡದ ಮನೆಯಲ್ಲೇ ದುಡಿಯಬೇಕು, ಮಗುವಿಗೆ ಇನ್ನೂ ಎರಡು ವರ್ಷ, ಖಡಕ್ ರೊಟ್ಟಿ ಮಾಡಿ ಮಾರುವುದೋ, ಸೀರೆಗೆ ಕೈಯಿಂದ ಕಸೂತಿ ಹಾಕಿಕೊಡುವುದೋ, ಯಾವುದು ಆದೀತು ಅಂತ ಕೇಳಿದ್ದೀರಿ.

ಬಂಡವಾಳಕ್ಕೆ ಕಸೂತಿಯೇ ಹಗುರ: ಸೂಜಿ, ದಾರ, ಗಿರಾಕಿ ಕೊಡುವ ಸೀರೆ. ರೊಟ್ಟಿಗೆ ಜೋಳ, ಗ್ಯಾಸು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಎಲ್ಲ ಬೇಕು. ಆದರೆ ರೊಟ್ಟಿಯ ದುಡ್ಡು ಬೇಗ ಬರುತ್ತದೆ. ಕಸೂತಿ ಸೀರೆಗೆ ವಾರಗಳೇ ಹಿಡಿಯುತ್ತವೆ. ಗಂಟು ಹಾಕದೆ, ಗವಂತಿ, ಮುರ್ಗಿ ಅನ್ನುವ ಹೊಲಿಗೆಗಳನ್ನು ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುವಂತೆ ಎಳೆ ಎಣಿಸಿ ಹಾಕಬೇಕಲ್ವಾ.

ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಮಗು. ಅದು ಅತ್ತರೆ ಸೂಜಿ ಎತ್ತಿಟ್ಟು ಏಳಬಹುದು. ಹಂಚು ಕಾದು, ಕೈಯೆಲ್ಲ ಹಿಟ್ಟಾಗಿರುವಾಗ ಏಳುವುದು ಕಷ್ಟ. ಒಲೆ ಹತ್ತಿರ ಮಗು ಬಂದರಂತೂ ಅಪಾಯ. ಅತ್ತೆಯೋ ಅವ್ವನೋ ನೋಡಿಕೊಂಡರೆ ರೊಟ್ಟಿ ಹಿಡಿಯಿರಿ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಮಗು ಏಳುವ ಮೊದಲೇ ಮಾಡಿ ಕೂಡಿಡಬಹುದು. ಒಬ್ಬರೇ ಇದ್ದು, ಹಣಕ್ಕೆ ಆತುರವಿಲ್ಲದಿದ್ದರೆ ಕಸೂತಿ. ಸೂಜಿ ಮಾತ್ರ ಮಗುವಿನ ಕೈಗೆ ಸಿಗದಂತೆ ಎತ್ತರದಲ್ಲಿಡಿ.