ಟ್ವೈನ್: ಕವಲೊಡೆಯುವ ಕಥೆಗೆ ಹೇಳಿಮಾಡಿಸಿದ ಸಾಧನ

ಓದುಗರೇ ದಾರಿ ಆರಿಸಿಕೊಳ್ಳುವ ಕಥೆ ಬರೆಯಲು 2009ರಲ್ಲಿ ಕ್ರಿಸ್ ಕ್ಲಿಮಾಸ್ ರೂಪಿಸಿದ ಟ್ವೈನ್ ತಂತ್ರಾಂಶ ಇಂದಿಗೂ ಉಚಿತ. [[ಅಂಗಡಿಗೆ ಹೋಗು]] ಎಂದು ಜೋಡಿ ಚೌಕ ಆವರಣದಲ್ಲಿ ಬರೆದರೆ ಸಾಕು, ಹೊಸ ಪುಟ ತಾನೇ ಹುಟ್ಟಿ ಬಾಣದ ಗೆರೆಯಿಂದ ಸೇರಿಕೊಳ್ಳುತ್ತದೆ. ಕಥೆಯ ನಕ್ಷೆ ಕಣ್ಣೆದುರೇ ಇರುವುದರಿಂದ ಎಳೆ ಎಲ್ಲಿ ತುಂಡಾಗಿದೆ ಎಂದು ತಕ್ಷಣ ತಿಳಿಯುತ್ತದೆ. ಇದೇ ಇದರ ದೊಡ್ಡ ಗುಣ.

ಉದಾಹರಣೆಗೆ, ಸೀರೆ ಅಂಗಡಿಯ ಪ್ರಚಾರಕ್ಕೆ ಇಂಥ ಕಥೆ ಬರೆಯುವುದಾದರೆ ‘ಮದುವೆಗಾ, ಹಬ್ಬಕ್ಕಾ?’ ಎಂದು ಶುರುಮಾಡಿ. ಆದರೆ ಪ್ರತಿ ಪುಟದಲ್ಲೂ ಎರಡೆರಡು ಆಯ್ಕೆ ಕೊಡುತ್ತಾ ಹೋದರೆ ಐದು ಆಯ್ಕೆ ಮುಗಿಯುವಷ್ಟರಲ್ಲಿ 32 ಕೊನೆಗಳಾಗುತ್ತವೆ, ಬರೆದು ಮುಗಿಯುವುದಿಲ್ಲ. ಎರಡು ಹೆಜ್ಜೆಗೊಮ್ಮೆ ಕವಲುಗಳನ್ನು ಒಂದೇ ಪುಟಕ್ಕೆ ತಂದು ಕೂಡಿಸಿ.

ಬ್ರೌಸರ್‌ನಲ್ಲಿ ಬರೆದ ಕಥೆ ಆ ಬ್ರೌಸರ್‌ನಲ್ಲೇ ಉಳಿಯುತ್ತದೆ. ಸೈಟ್ ಡೇಟಾ ಅಳಿಸಿದರೆ ಕಥೆಯೂ ಹೋಯಿತು! ದಿನವೂ ಆರ್ಕೈವ್ (ಎಲ್ಲ ಕಥೆಗಳ ಪ್ರತಿ ಇರುವ ಫೈಲು) ಇಳಿಸಿಟ್ಟುಕೊಳ್ಳಿ, ಇಲ್ಲವೇ ಕಂಪ್ಯೂಟರ್ ಆ್ಯಪ್ ಬಳಸಿ. ಪ್ರಕಟಿಸಿದಾಗ ಸಿಗುವುದು ಬ್ರೌಸರ್‌ನಲ್ಲಿ ತೆರೆಯುವ ಒಂದೇ ಎಚ್‌ಟಿಎಂಎಲ್ (ವೆಬ್ ಪುಟದ) ಫೈಲು.